ಬಟಾಣಿ ಹಸಿರಿನ ಚೌಕಟ್ಟು

ಆ ಬೆಳಿಗ್ಗೆ ಮಂಜು ಕವಿದದ್ದು ನೆವಿಲ್ ಡ್ರಿಂಗನ ದುರದೃಷ್ಟವೆಂದು ನನ್ನ ಅಕ್ಕ ಬೆರಿಲ್ ಇಂದಿಗೂ ಹೇಳುತ್ತಾಳೆ. ನನ್ನ ಅಭಿಪ್ರಾಯ ಬೇರೆ. ಮಂಜು ಇಲ್ಲದಿದ್ದರೆ ಅವನು ದೀಪ ಹಾಕುತ್ತಿರಲಿಲ್ಲ. ದೀಪ ಹಾಕದಿದ್ದರೆ ಅವು ಆರಿಹೋಗುವುದನ್ನು ನಾವು ಕಾಣುತ್ತಿರಲಿಲ್ಲ. ಕಾಣದೆ ಹೋಗಿದ್ದರೆ ಆ ತಪ್ಪು ಪರೀಕ್ಷಾ ಕೇಂದ್ರದಲ್ಲಿ, ಪರೀಕ್ಷಕರ ಕಣ್ಣೆದುರಿಗೇ ಮೊದಲ ಬಾರಿಗೆ ಬಯಲಾಗುತ್ತಿತ್ತು.

ನೆವಿಲ್ ಬೆರಿಲ್‌ಳ ಗಂಡ. ಹೊಲಗಳ ನೀರನ್ನು ಕಾಲುವೆಗೆ ಎತ್ತಿಹಾಕುವ ಪಂಪ್‌ಹೌಸಿನಲ್ಲಿ ದುಡಿದು ನಿವೃತ್ತನಾದವನು, ಮಾತು ಕಡಿಮೆ. ಸ್ಪಾಲ್ಡಿಂಗ್ ಪಟ್ಟಣದ ಹೊರವಲಯದ ತನ್ನ ಮನೆಯ ಗ್ಯಾರೇಜಿನಲ್ಲಿ ಅವನು ಒಂಬತ್ತು ವರ್ಷಗಳಿಂದ ಒಂದು ಕಾರನ್ನು ಕೈಯಾರೆ ಕಟ್ಟುತ್ತಿದ್ದ. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ತೊಡಿಸುವ ಫೈಬರ್ ಮೈ, ಚಕ್ರ, ಆಸನ, ಎಲ್ಲವೂ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದಿದ್ದವು. ಎಂಜಿನ್ ಮಾತ್ರ ಗುಜರಿಗೆ ಹೋದ ಹಳೆಯ ಕಾರೊಂದರದು. ಇಬ್ಬರು ಕೂರಬಹುದಾದ, ಮೇಲೆ ಹೊದಿಕೆಯಿಲ್ಲದ, ನೆಲಕ್ಕೆ ಅಂಟಿಕೊಂಡಂತೆ ಓಡುವ ಬಂಡಿ ಅದು. ಅಂಥದ್ದೊಂದನ್ನು ನಾನೂ ಹಿಂದೆ ಕಟ್ಟಿದ್ದೆ. ನಮ್ಮ ಜಿಲ್ಲೆಯ ಕಾರು ಕಟ್ಟುವವರ ಸಂಘಕ್ಕೆ ಅವನನ್ನು ಸೇರಿಸಿದವನೂ ನಾನೇ. ಆದ್ದರಿಂದ ಈ ಒಂಬತ್ತು ವರ್ಷಗಳ ಪಾಪದಲ್ಲಿ ಅರ್ಧ ನನ್ನದೆಂದು ಬೆರಿಲ್ ಲೆಕ್ಕ ಹಾಕಿದ್ದಳು.

ಈಗ ಆ ಮನೆ ಮಾರಾಟವಾಗಿತ್ತು. ಶುಕ್ರವಾರ ಬೀಗದಕೈ ಒಪ್ಪಿಸಬೇಕು. ಇಬ್ಬರಿಗೂ ಮೊಣಕಾಲು ನೋವು. ಬೇಕರಿಯ ಪಕ್ಕದ ಪುಟ್ಟ ಮನೆಯೊಂದನ್ನು ಹಿಡಿದಿದ್ದರು. ಅಲ್ಲಿ ಗ್ಯಾರೇಜಿಲ್ಲ. ಕಾರು ರಸ್ತೆಯ ಅಂಚಿನಲ್ಲಿ ನಿಲ್ಲಬೇಕು. ರಸ್ತೆಯಲ್ಲಿ ನಿಲ್ಲಲು ನಂಬರ್ ಪ್ಲೇಟ್ ಬೇಕು, ನಂಬರ್ ಸಿಗಬೇಕಾದರೆ ಸರ್ಕಾರದ ಪರೀಕ್ಷೆಯಲ್ಲಿ ಕಾರು ಪಾಸಾಗಬೇಕು. ಆ ಪರೀಕ್ಷೆ ಇದ್ದದ್ದು ಅದೇ ಬುಧವಾರ. ಪಾಸಾದರೆ ನಂಬರ್ ಬರುವ ತನಕ ಕೆಲವು ವಾರ ಅದು ನನ್ನ ಶೆಡ್ಡಿನಲ್ಲಿರಬಹುದು. ನಪಾಸಾದರೆ ಸಂಜೆ ಕಾಲಿನ್ ಲೆಗೇಟ್ ಟ್ರೇಲರ್ ತಂದು ಒಯ್ಯುತ್ತಾನೆ. ಅರ್ಧಕ್ಕೆ ನಿಂತ ಕಾರುಗಳನ್ನು ಕೊಂಡು, ಬಿಚ್ಚಿ, ಬಿಡಿಭಾಗಗಳಾಗಿ ಮಾರುವುದು ಕಾಲಿನ್‌ನ ಕಸುಬು. ಸಂಘದಲ್ಲಿ ಅವನನ್ನು ಕಂಡರೆ ಎಲ್ಲರೂ ತಮ್ಮ ಕಾರಿಗೆ ಅಡ್ಡವಾಗಿ ನಿಲ್ಲುತ್ತಿದ್ದರು.

"ನಪಾಸಾದ್ರೂ ನನ್ ಶೆಡ್ಡಲ್ಲೇ ಇರ್ಲಿ ಬಿಡು," ಎಂದು ನಾನು ಹಿಂದಿನ ಭಾನುವಾರ ಹೇಳಿ ನೋಡಿದ್ದೆ.

"ಒಂಬತ್ತು ವರ್ಷ ನನ್ ಗ್ಯಾರೇಜಲ್ಲಿತ್ತು. ಇನ್ನೊಂಬತ್ತು ವರ್ಷ ನಿನ್ ಶೆಡ್ಡಲ್ಲಿರತ್ತೆ, ಇವನೂ ಅಲ್ಲೇ ಇರ್ತಾನೆ," ಎಂದಳು ಬೆರಿಲ್. "ಬೇಡ, ಲೆಸ್. ಓಡೋ ಕಾರಾದ್ರೆ ಇಟ್ಕೊಳ್ಳೋಣ. ಓಡ್ದೇ ಇರೋದಾದ್ರೆ ಕಾಲಿನ್ ಬರ್ಲಿ."

ನೆವಿಲ್ ಚಹಾದ ಬಟ್ಟಲನ್ನು ನೋಡುತ್ತಾ, "ಸರಿ," ಎಂದಿದ್ದ. ಅಷ್ಟೇ ಅವನ ಒಪ್ಪಿಗೆ. ಆದರೆ ಅವನು ಒಪ್ಪಿದ ಮಾತಿನಿಂದ ಹಿಂದೆ ಸರಿದದ್ದನ್ನು ನಾನು ಎಂದೂ ಕಂಡಿಲ್ಲ. ನನಗೆ ಹೆದರಿಕೆಯಾದದ್ದೂ ಅದಕ್ಕೇ.

ಪರೀಕ್ಷೆಗೆ ಸಮಯ ನಿಗದಿಯಾಗಿದ್ದರೆ, ನಂಬರಿಲ್ಲದ ಕಾರನ್ನೂ ಅಲ್ಲಿಯವರೆಗೆ ರಸ್ತೆಯಲ್ಲಿ ಓಡಿಸಿಕೊಂಡು ಹೋಗಬಹುದು. ನೆವಿಲ್ ಉಣ್ಣೆಯ ಟೋಪಿ ಎಳೆದುಕೊಂಡು, ಮೊಮ್ಮಗಳ ಈಜುಕನ್ನಡಕವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕಾರಿನೊಳಗೆ ಇಳಿದು ಕುಳಿತ. ಬೆರಿಲ್ ಪಾಸಾಗದ ಕಾರಿನಲ್ಲಿ ಕೂರುವುದಿಲ್ಲವೆಂದು ನಾನು ಮೊಟ್ಟೆ ಮಾರಲು ಒಯ್ಯುವ ವ್ಯಾನು ಹತ್ತಿದಳು. ಮಡಿಲಲ್ಲಿ ಚಹಾದ ಫ್ಲಾಸ್ಕು, ಹ್ಯಾಮ್ ಸ್ಯಾಂಡ್‌ವಿಚ್ಚಿನ ಡಬ್ಬಿ. ನಾವು ಹಿಂಬಾಲಿಸಿದೆವು.

ನಮ್ಮ ಸೀಮೆಯ ರಸ್ತೆಗಳು ಕಾಲುವೆಯ ಏರಿಯ ಮೇಲೆ ಹೋಗುತ್ತವೆ. ಅಡಿಯ ಕಪ್ಪು ಮಣ್ಣು ವರ್ಷ ವರ್ಷವೂ ಕುಸಿಯುವುದರಿಂದ ರಸ್ತೆ ಅಲೆ ಅಲೆಯಾಗಿ ಏಳುತ್ತದೆ, ಬೀಳುತ್ತದೆ. ಒಂದು ಮಗ್ಗುಲಿಗೆ ಎಲೆಕೋಸಿನ ಹೊಲ, ಇನ್ನೊಂದು ಮಗ್ಗುಲಿಗೆ ತಡೆಗೋಡೆಯಿಲ್ಲದ ನೀರು. ಮಂಜಿನಲ್ಲಿ ಅಂದು ಎರಡೂ ಕಾಣುತ್ತಿರಲಿಲ್ಲ. ನಮಗೆ ಕಂಡದ್ದು ಮುಂದೆ ಕುಪ್ಪಳಿಸುತ್ತಾ ಹೋಗುತ್ತಿದ್ದ ನೆವಿಲ್‌ನ ಎರಡು ಕೆಂಪು ದೀಪಗಳು ಮಾತ್ರ.

ಪಂಪ್‌ಹೌಸ್ ದಾಟಿ ಸ್ವಲ್ಪ ದೂರ ಹೋಗಿರಬೇಕು. ಬೆರಿಲ್ ಸೆಟೆದು ಕುಳಿತಳು.

"ಲೆಸ್, ಅವನು ಎಲ್ಲಿ?"

"ಇಲ್ಲೇ ಮುಂದಿದಾನಲ್ಲ."

"ಈಗಿದಾನೆ. ಆಗ್ಲೇ ತಿರುವಲ್ಲಿ ಇರ್ಲಿಲ್ಲ."

ಮುಂದಿನ ತಿರುವಿನಲ್ಲಿ ನಾನೂ ಕಣ್ಣು ಕೀಲಿಸಿ ನೋಡಿದೆ. ನೆವಿಲ್ ವೇಗ ತಗ್ಗಿಸಿದ. ಬ್ರೇಕ್ ಒತ್ತಿದಾಗ ಹಿಂದಿನ ದೀಪಗಳು ಧಗ್ಗನೆ ಬೆಳಗಬೇಕು. ಅವನವು ಬೆಳಗಲಿಲ್ಲ, ಊದಿ ಆರಿಸಿದ ಮೇಣದ ಬತ್ತಿಗಳಂತೆ ಮಂಕಾಗಿ, ಮಂಜಿನಲ್ಲಿ ಕರಗಿಹೋದವು. ಕಾರೇ ಇಲ್ಲವಾಯಿತು. ನಾನು ಬ್ರೇಕ್ ತುಳಿದೆ. ಡಬ್ಬಿಯೊಳಗಿನ ಸ್ಯಾಂಡ್‌ವಿಚ್ಚುಗಳು ಒಂದು ಬದಿಗೆ ಜಾರಿದವು. ತಿರುವು ಮುಗಿದು ಅವನು ಕಾಲು ತೆಗೆದೊಡನೆ ದೀಪಗಳು ನಮ್ಮಿಂದ ಎರಡು ಮಾರು ದೂರದಲ್ಲಿ ಮತ್ತೆ ಹುಟ್ಟಿದವು.

"ಬ್ರೇಕ್ ಹಾಕಿದ್ರೆ ದೀಪ ಜೋರಾಗ್ಬೇಕಲ್ವಾ?" ಎಂದಳು.

"ಆಗ್ಬೇಕು."

"ಇವನದ್ದು ಯಾಕೆ ಆರ್ತಿದೆ?"

"ಅರ್ತ್ ಹೋಗಿದೆ."

"ನನಗೆ ಅರ್ಥ ಆಗೋ ಹಾಗೆ ಹೇಳೋ."

"ಕರೆಂಟು ದೀಪಕ್ಕೆ ಹೋದ್ರೆ ಸಾಲ್ದು, ಬ್ಯಾಟರಿಗೆ ವಾಪಸ್ ಬರ್ಬೇಕು. ನನ್ ವ್ಯಾನಲ್ಲಾದ್ರೆ ಮೈಯೆಲ್ಲಾ ತಗಡು, ಎಲ್ಲಿಂದ ಬೇಕಾದ್ರೂ ವಾಪಸ್ ಬರತ್ತೆ. ಅವನ ಕಾರಿನ ಮೈ ಫೈಬರು, ಅದ್ರಲ್ಲಿ ಕರೆಂಟ್ ಹರಿಯಲ್ಲ. ಅದಕ್ಕೇ ದೀಪದಿಂದ ಒಂದು ತಂತಿ ಎಳೆದು ಒಳಗಿನ ಉಕ್ಕಿನ ಚೌಕಟ್ಟಿಗೆ ಬೋಲ್ಟ್ ಮಾಡ್ತೀವಿ. ಆ ಬೋಲ್ಟು ಕೈಕೊಟ್ಟಿದೆ. ವಾಪಸ್ ದಾರಿ ಇಲ್ದೇ ಕರೆಂಟು ಬೇರೆ ದೀಪಗಳ ಒಳಗೆಲ್ಲಾ ನುಗ್ಗಿ ಸುತ್ತಾಡ್ತಿದೆ. ಬ್ರೇಕ್ ಹಾಕಿದಾಗ ಎರಡು ಕಡೆಯಿಂದ ಒಂದನ್ನೊಂದು ತಳ್ಳಿ ಎರಡೂ ಸುಮ್ಮನಾಗ್ತವೆ."

"ಅವನಿಗೆ ಗೊತ್ತಿದ್ಯಾ?"

"ಹೇಗ್ ಗೊತ್ತಾಗತ್ತೆ? ದೀಪ ಇರೋದು ಅವನ ಬೆನ್ನ ಹಿಂದೆ."

"ಹಾಗಾದ್ರೆ ಹೇಳು."

ಹೇಳುವುದು ಹೇಗೆ? ಫೋನನ್ನು ನೆವಿಲ್ ನೀರು ತಾಗೀತೆಂದು ಪರಿಕರಗಳ ಪೆಟ್ಟಿಗೆಯೊಳಗೆ ಇಟ್ಟಿದ್ದ. ಕಿವಿಯ ಪಕ್ಕದಲ್ಲೇ ಎಂಜಿನ್ನಿನ ಆರ್ಭಟ. ನಾನು ಮುಂದೀಪಗಳನ್ನು ಎರಡು ಬಾರಿ ಮಿನುಗಿಸಿದೆ.

ನೆವಿಲ್ ಬಲಗೈಯನ್ನು ಮೇಲೆತ್ತಿ, ಹೆಬ್ಬೆರಳು ತೋರಿಸಿದ.

ನಾನು ಹಣೆ ಚಚ್ಚಿಕೊಂಡೆ. ನಮ್ಮ ಸಂಘದ ಪದ್ಧತಿ ಅದು. ಕೈಯಾರೆ ಕಟ್ಟಿದ ಕಾರು ರಸ್ತೆಯಲ್ಲಿ ಎದುರಾದರೆ ಎರಡು ಬಾರಿ ದೀಪ ಮಿನುಗಿಸುವುದು, ಅವರು ಕೈಯೆತ್ತುವುದು. ಒಂಬತ್ತು ವರ್ಷ ಆ ಗೌರವವನ್ನು ಇತರರಿಗೆ ಸಲ್ಲಿಸಿದ್ದವನಿಗೆ ಈ ಬೆಳಿಗ್ಗೆ ಮೊದಲ ಬಾರಿಗೆ ಅದು ಸಲ್ಲುತ್ತಿತ್ತು. ಮತ್ತೆ ಮಿನುಗಿಸಿದೆ, ಇನ್ನೂ ಉತ್ಸಾಹದಿಂದ ಕೈಯೆತ್ತಿದ. ಹಾರ್ನ್ ಒತ್ತಿಹಿಡಿದೆ; ಅವನೂ ತನ್ನ ಹಾರ್ನನ್ನು ಸಂಭ್ರಮದಿಂದ ಒತ್ತಿದ.

"ಕತ್ತೆ," ಎಂದಳು ಬೆರಿಲ್. "ನನ್ ಕತ್ತೆ."

ಹಿಂದಿಕ್ಕಿ ಹೋಗಿ ತಡೆಯೋಣವೆಂದರೆ ಎದುರಿನಿಂದ ಏನು ಬರುತ್ತಿದೆಯೋ ಕಾಣದು. ನಾನು ಅಪಾಯಸೂಚಕ ದೀಪಗಳನ್ನು ಹಚ್ಚಿ, ಅವನ ಬೆನ್ನಿಗೆ ಅಂಟಿಕೊಂಡು ನಡೆದೆ. ಹಿಂದಿನಿಂದ ಯಾರು ಬಂದರೂ ಮೊದಲು ನನ್ನ ವ್ಯಾನು ಕಾಣಲಿ ಎಂಬುದಷ್ಟೇ ನನ್ನ ಯೋಜನೆ.

"ಹೊಡೆದ್ರೆ ನಮಗೇ ಹೊಡೀಲಿ ಅಂತಾನಾ?"

"ಹೂಂ."

"ಸರಿ," ಎಂದು ಅವಳು ಫ್ಲಾಸ್ಕನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದಳು.

ಬಂದೇ ಬಂತು. ನವೆಂಬರಿನಲ್ಲಿ ಸಕ್ಕರೆ ಕಾರ್ಖಾನೆಗೆ ಬೀಟ್ ಗೆಡ್ಡೆ ಸಾಗಿಸುವ ಲಾರಿಗಳಿಗೆ ಹಗಲಿಲ್ಲ ಇರುಳಿಲ್ಲ. ಕನ್ನಡಿಯಲ್ಲಿ ಎರಡು ಹಳದಿ ಕಣ್ಣುಗಳು ದೊಡ್ಡದಾಗುತ್ತಾ ಬಂದು ನನ್ನ ವ್ಯಾನಿನ ಹಿಂಬಾಗಿಲಿಗೇ ಮೂಗು ತಾಗಿಸಿದವು. ಲಾರಿಯವನು ಒಮ್ಮೆ ಹಾರ್ನ್ ಹೊಡೆದ. ಮಿಟುಕುತ್ತಿದ್ದ ನನ್ನ ದೀಪಗಳನ್ನು ನೋಡಿ, ಕೆಟ್ಟುಹೋದ ವ್ಯಾನು ತೆವಳುತ್ತಿದೆಯೆಂದು ಅವನು ಭಾವಿಸಿರಬೇಕು. ನಾನು ಕಿಟಕಿಯಿಂದ ಕೈ ಹೊರಚಾಚಿ ಬೇಡ ಬೇಡವೆಂದು ಬೀಸುತ್ತಿದ್ದಂತೆಯೇ ಆ ಭಾರೀ ಒಡಲು ಬಲಕ್ಕೆ ಹೊರಳಿತು. ನಮ್ಮ ಪಕ್ಕದಲ್ಲಿ ಚಕ್ರದ ಹಿಂದೆ ಚಕ್ರ ಉರುಳಿ, ಮಣ್ಣುಗೆಡ್ಡೆಗಳ ವಾಸನೆ ಬೀರಿ, ನಾನು ಬ್ರೇಕ್ ತುಳಿದು ಹಿಂದುಳಿಯುತ್ತಿದ್ದಂತೆ ನನ್ನ ಮುಂದೆ ಬಂದು ಸೇರಿತು.

ಈಗ ನಮಗೂ ನೆವಿಲ್‌ಗೂ ನಡುವೆ ಆ ಲಾರಿ. ಅವನ ದೀಪಗಳು ನಮಗೆ ಕಾಣದಾದವು.

"ಮುಂದೆ ಏನಿದೆ?" ಬೆರಿಲ್ ಕೇಳಿದಳು.

ಏನಿದೆಯೆಂದು ಅವಳಿಗೂ ಗೊತ್ತಿತ್ತು. "ರೈಲ್ವೆ ಗೇಟು," ಎಂದೆ.

ಮಂಜಿನೊಳಗಿಂದ ಗೇಟಿನ ಗಂಟೆ ಕೇಳಿಸಿತು. ಆ ಸದ್ದನ್ನು ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದೇನೆ; ಅಂದು ಮಾತ್ರ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಗಂಟೆ ಬಾರಿಸಿದರೆ ನೆವಿಲ್ ನಿಲ್ಲುತ್ತಾನೆ. ಹಳದಿ ದೀಪ ಬರುವ ಮುನ್ನವೇ ನಿಲ್ಲುವ ಜಾತಿಯವನು. ಅವನು ನಿಲ್ಲಲು ಕಾಲಿಟ್ಟ ಕ್ಷಣದಲ್ಲಿ ಲಾರಿಯವನ ಪಾಲಿಗೆ ಮುಂದೆ ಕಾರೇ ಇರುವುದಿಲ್ಲ.

ಲಾರಿಯ ಹಿಂದೀಪಗಳು ಒಮ್ಮೆಲೇ ಕೆಂಡವಾದವು. ಗಾಳಿಬ್ರೇಕಿನ ಚೀತ್ಕಾರ, ಟೈರುಗಳ ಉಜ್ಜಾಟ, ರಾಶಿಯ ಮೇಲಿಂದ ನಾಲ್ಕಾರು ಗೆಡ್ಡೆಗಳು ಉರುಳಿ ನನ್ನ ಬಾನೆಟ್ಟಿನ ಮೇಲೆ ಬಡಿದ ಸದ್ದು. ನಾನು ವ್ಯಾನನ್ನು ಹುಲ್ಲಿನ ಅಂಚಿಗೆ ತಿರುಗಿಸಿ ನಿಲ್ಲಿಸಿದೆ. ಪೂರ್ತಿ ನಿಲ್ಲುವ ಮೊದಲೇ ಬೆರಿಲ್ ಬಾಗಿಲು ತೆರೆದು ಇಳಿದಿದ್ದಳು. ಮೊಣಕಾಲು ನೋವಿನವಳು ಹಾಗೆ ಓಡಿದ್ದನ್ನು ನಾನು ಮತ್ತೆಂದೂ ನೋಡಿಲ್ಲ.

ಲಾರಿಯ ಮೂತಿಗೂ ಕಾರಿನ ಬೆನ್ನಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟು ಜಾಗವಿತ್ತು. ನೆವಿಲ್ ಸ್ಟೀರಿಂಗ್ ಹಿಡಿದು, ಈಜುಕನ್ನಡಕದೊಳಗಿಂದ ಮುಂದಿನ ಗೇಟನ್ನೇ ನೋಡುತ್ತಾ ಕುಳಿತಿದ್ದ. ಬ್ರೇಕಿನ ಮೇಲಿಂದ ಕಾಲನ್ನು ಅವನು ಇನ್ನೂ ತೆಗೆದಿರಲಿಲ್ಲ. ಹಿಂದೆ ಒಂದು ಕಿಡಿಯಷ್ಟೂ ಬೆಳಕಿರಲಿಲ್ಲ.

ಲಾರಿಯವನು ಇಳಿದು ಬಂದ. ಮುಖ ಬಿಳಚಿಕೊಂಡಿದ್ದರೂ ಎದುರಿಗಿದ್ದವರನ್ನೆಲ್ಲ ಬಾತು ಎಂದು ಕರೆಯುವ ನಮ್ಮ ಸೀಮೆಯವರ ಮುದ್ದುಮಾತು ಬಾಯಿಂದ ಹೋಗಿರಲಿಲ್ಲ.

"ಸಾಯ್ಬೇಕು ಅಂತಿದ್ರೆ ಕಾಲುವೆ ಇಲ್ಲೇ ಪಕ್ಕದಲ್ಲಿದೆ, ನನ್ ಬಾತು," ಎಂದ. "ಅದಕ್ಕೆ ನನ್ ಲಾರಿ ಯಾಕೆ ಬೇಕು? ಆ ದೀಪ ಏನು, ಅಲಂಕಾರಕ್ಕಾ?"

"ದೀಪ ಸರಿಯಾಗಿದೆ," ಎಂದ ನೆವಿಲ್. "ನಿನ್ನೆ ತಾನೇ ನೋಡಿದೀನಿ."

"ಇಳಿದು ಈಗ ನೋಡು. ನಾನು ಬ್ರೇಕ್ ಒತ್ತಿ ಹಿಡ್ಕೋತೀನಿ."

ನೆವಿಲ್ ಇಳಿದು, ಹಿಂದೆ ಬಂದು ನಿಂತ. ಲಾರಿಯವನು ತನ್ನ ದೊಡ್ಡ ಬೂಟನ್ನು ಆ ಪುಟ್ಟ ಪೆಡಲಿನ ಮೇಲೆ ಇಟ್ಟ. ದೀಪಗಳು ಆರಿದವು. ತೆಗೆದ, ಕೆಂಪಗೆ ಹತ್ತಿದವು. ಇಟ್ಟ, ಆರಿದವು. ನೆವಿಲ್ ಈಜುಕನ್ನಡಕವನ್ನು ಹಣೆಗೆ ಏರಿಸಿದ. ರೈಲು ಸದ್ದು ಮಾಡುತ್ತಾ ಹಾದುಹೋಯಿತು. ಗೇಟು ಮೇಲೆದ್ದಿತು.

"ಮನೆಗೆ ಹೋಗ್ರಪ್ಪ," ಎಂದು ಹೇಳಿ ಲಾರಿಯವನು ಕಾರನ್ನು ಬಳಸಿಕೊಂಡು ತನ್ನ ಗೆಡ್ಡೆಗಳೊಂದಿಗೆ ಹೊರಟುಹೋದ.

ನಾವು ಕಾರನ್ನು ತಳ್ಳಿ ಗೇಟಿನ ಪಕ್ಕದ ಜಲ್ಲಿಯ ಜಾಗಕ್ಕೆ ಸೇರಿಸಿದೆವು. ಪರೀಕ್ಷಾ ಕೇಂದ್ರ ಇನ್ನೂ ಅರ್ಧ ದಾರಿ ದೂರ. ತಡವಾಗಿ ಬಂದವರ ಸರದಿ ಮುಂದಿನವರಿಗೆ ಹೋಗುತ್ತದೆ, ಮತ್ತೊಂದು ಸರದಿ ಸಿಗಲು ವಾರಗಳು ಬೇಕು. ಶುಕ್ರವಾರಕ್ಕೆ ಆ ವಾರಗಳಿರಲಿಲ್ಲ. ನೆವಿಲ್ ಡಿಕ್ಕಿಯ ಮುಚ್ಚಳ ಎತ್ತಿ ಪೆಟ್ಟಿಗೆ ತೆರೆದ.

ಒಳಗೆ, ಅಡ್ಡ ಕೊಳವೆಯೊಂದಕ್ಕೆ, ಎರಡೂ ಕಡೆಯ ದೀಪಗಳ ಕಪ್ಪು ತಂತಿಗಳು ಬಂದು ಒಂದೇ ಬೋಲ್ಟಿನಡಿ ಕೂಡಿದ್ದವು. ಅಚ್ಚುಕಟ್ಟಾದ ಕೆಲಸ. ಆದರೆ ಬೋಲ್ಟಿನ ಅಡಿಯಲ್ಲೂ ಸುತ್ತಲೂ ಬಣ್ಣ ಹಾಗೆಯೇ ಇತ್ತು. ಕುಲುಮೆಯಲ್ಲಿ ಬೇಯಿಸಿ ಹಿಡಿಸಿದ ಪೌಡರ್ ಕೋಟಿಂಗ್, ಎಳೆ ಬಟಾಣಿಯ ಹಸಿರು, ಒಂದು ಗೀರಿಲ್ಲ. ಆ ಬಣ್ಣ ಕರೆಂಟಿಗೆ ರಬ್ಬರಿದ್ದಂತೆ. ಬೋಲ್ಟಿನ ತಿರುಪಿನ ಎಳೆಗಳು ತೂತಿನ ಒಳಬದಿಗೆ ಅಲ್ಲಲ್ಲಿ ತಾಗಿದ್ದರಿಂದ ಗ್ಯಾರೇಜಿನಲ್ಲಿ ದೀಪ ಉರಿದಿದ್ದವು. ನಮ್ಮ ರಸ್ತೆಯ ಅಲೆಗಳು ಆ ತೆಳು ಸಂಬಂಧವನ್ನು ಅಲುಗಾಡಿಸಿ ಬಿಡಿಸಿದ್ದವು.

"ಕೆರೆದಿಲ್ವಾ ನೀನು?" ಎಂದೆ. ಬೇಸಿಗೆಯಲ್ಲೇ ಹೇಳಿದ್ದೆ: ಬೋಲ್ಟ್ ಹಾಕುವ ಮುನ್ನ ಅಲ್ಲಿನ ಬಣ್ಣ ಕೆರೆದು ಉಕ್ಕು ಕಾಣಿಸು ಎಂದು. ಹೂಂ ಎಂದಿದ್ದ.

"ಎಳೆ ಕಚ್ಕೊಂಡಿತ್ತು," ಎಂದ. "ಬಿಗಿ ಮಾಡಿದ್ರೆ ಸರಿಹೋಗತ್ತೆ."

ಬಿಗಿ ಮಾಡಿದ. ದೀಪ ಹೊಳೆದವು. ಮುಚ್ಚಳ ಹಾಕಿದ ಏಟಿಗೆ ಮತ್ತೆ ಮಂಕಾದವು. ಬಲ್ಬು ತೆಗೆದು ತಳ ಒರೆಸಿದ, ಪ್ರಯೋಜನವಾಗಲಿಲ್ಲ. ಬೋಲ್ಟು ಬದಲಿಸಿದ, ಎರಡು ವಾಷರ್ ಸೇರಿಸಿದ. ಪ್ರತಿಸಲವೂ ಬೆರಿಲ್ ಹಿಂದೆ ನಿಂತು, "ಇಲ್ಲ," ಎನ್ನುತ್ತಿದ್ದಳು. ಅವನ ಬೆರಳುಗಳು ಚಳಿಗೆ ಕೆಂಪಾಗಿದ್ದವು. ಕೊನೆಗೆ, "ಇಲ್ಲಿಂದ ನೇರ ಬ್ಯಾಟರಿಗೇ ತಂತಿ ಎಳೀತೀನಿ," ಎಂದು ಪೆಟ್ಟಿಗೆಯಲ್ಲಿದ್ದ ತಂತಿಯ ಸುರುಳಿಯನ್ನು ಬಿಚ್ಚಿದ. ಅದು ಆಸನದ ತನಕವೂ ಮುಟ್ಟಲಿಲ್ಲ.

"ನೆವಿಲ್, ಅರ ತಗೊಂಡು ಕೆರಿ," ಎಂದೆ. "ಎರಡು ನಿಮಿಷದ ಕೆಲಸ."

"ಬೇರೆ ದಾರಿ ಇದೆ."

"ಯಾವ್ದು?"

ಅವನು ತಂತಿಯನ್ನು ಮತ್ತೆ ಸುರುಳಿ ಸುತ್ತತೊಡಗಿದ. ನನಗೆ ರೇಗಿಹೋಯಿತು.

"ಎಷ್ಟು ಕೆರೀಬೇಕು?" ಬೆರಿಲ್ ನನ್ನನ್ನು ಕೇಳಿದಳು.

"ಎರಡು ಪೆನ್ಸಿನ ನಾಣ್ಯದಷ್ಟು."

"ಅಷ್ಟಕ್ಕೆ ಇಷ್ಟೊತ್ತಾ? ನೆವಿಲ್, ಏನಾಗಿದೆ ನಿನಗೆ?"

ನೆವಿಲ್ ಜಲ್ಲಿಯನ್ನು ನೋಡಿದ. "ಅದು ನೀನು ಕೊಟ್ಟದ್ದು," ಎಂದ.

"ಯಾವ್ದು?"

"ಬಣ್ಣ."

ನನಗೆ ಆಗ ಒಂದೊಂದಾಗಿ ನೆನಪಾಯಿತು. ಕಾರಿನ ಪೆಟ್ಟಿಗೆಗಳು ಬಂದ ವರ್ಷ ಅವರ ಮದುವೆಗೆ ಮೂವತ್ತು ತುಂಬಿತ್ತು. ತುಕ್ಕು ಹಿಡಿಯದಿರಲೆಂದು ಬೆರಿಲ್ ಆ ಬರಿ ಚೌಕಟ್ಟನ್ನು ಅವನಿಗೆ ತಿಳಿಯದಂತೆ ಸಾಗಿಸಿ, ಬಣ್ಣ ಹಿಡಿಸಿ, ರಿಬ್ಬನ್ ಕಟ್ಟಿ ಗ್ಯಾರೇಜಿನಲ್ಲಿ ಇರಿಸಿದ್ದಳು. ಅಂದಿನಿಂದ ನೆವಿಲ್ ಅದರ ಬಳಿ ಬೆಲ್ಟು ಬಿಚ್ಚಿಟ್ಟು ಕೆಲಸ ಮಾಡುತ್ತಿದ್ದ, ಬಕಲ್ ತಾಗಿ ಗೀರಾದೀತೆಂದು. ಕೊಳವೆಗಳಿಗೆ ಹಳೆಯ ದುಪ್ಪಟಿಗಳನ್ನು ಸುತ್ತುತ್ತಿದ್ದ. ಮೇಲೆ ಫೈಬರ್ ಮೈ ಕೂತ ಮೇಲೆ ಯಾರಿಗೂ ಎಂದೂ ಕಾಣದ ಬಣ್ಣ ಅದು. ಸಂಘದಲ್ಲಿ ನಾವು ನಗುತ್ತಿದ್ದೆವು.

ಬೆರಿಲ್ ಫ್ಲಾಸ್ಕನ್ನು ನನ್ನ ಕೈಗಿತ್ತಳು.

"ನಾನು ಹೇಳಿದ್ದು ಕಡು ನೀಲಿ," ಎಂದಳು.

"ಏನು?"

"ಕಡು ನೀಲಿ ಬಳೀರಿ ಅಂದಿದ್ದೆ. ಅವರು ಬೇರೆ ಯಾರದ್ದೋ ಗೇಟಿನ ಬಣ್ಣ ಇದಕ್ಕೆ ಹಾಕ್ಬಿಟ್ರು. ತರೋಕೆ ಹೋದಾಗ ನೋಡಿ ನನಗೆ ಅಳುನೇ ಬಂತು. ನಾಳೆ ವಾಪಸ್ ಕಳಿಸೋಣ ಅಂತ ಗ್ಯಾರೇಜಲ್ಲಿಟ್ಟಿದ್ದೆ. ಅಷ್ಟರಲ್ಲಿ ನೀನು ಬಾಗಿಲು ತೆಗೆದೆ. ಮದುವೆ ದಿನಾನೂ ನೀನು ಹಾಗೆ ನಕ್ಕಿರ್ಲಿಲ್ಲ. ಆಮೇಲೆ ಹೇಗ್ ಹೇಳ್ಲಿ?"

"ರಿಬ್ಬನ್ ಕಟ್ಟಿತ್ತಲ್ಲ."

"ಚೂಪು ಮೂಲೆ ಯಾರಿಗೂ ತಾಗ್ಬಾರ್ದು ಅಂತ ಅವರೇ ಕಟ್ಟಿದ್ದ ಪಟ್ಟಿ ಅದು, ನೆವಿಲ್."

ನೆವಿಲ್ ಆ ಕೊಳವೆಯನ್ನು ಹೆಬ್ಬೆರಳಿನಿಂದ ಒರೆಸಿದ. "ನಿನಗೆ ಇಷ್ಟ ಇಲ್ವಾ ಈ ಬಣ್ಣ?"

"ಒಂದು ದಿನಾನೂ ಇಷ್ಟ ಆಗಿಲ್ಲ."

"ನನಗೆ ಇಷ್ಟ," ಎಂದ.

"ಗೊತ್ತು. ಅರ ಕೊಡು."

ಅವನು ಕೊಡಲಿಲ್ಲ; ಆದರೆ ಅವಳು ಪೆಟ್ಟಿಗೆಯಿಂದ ತೆಗೆದುಕೊಂಡಾಗ ತಡೆಯಲೂ ಇಲ್ಲ. ಬೆರಿಲ್ ಒದ್ದೆ ಜಲ್ಲಿಯ ಮೇಲೆ ನೋವಿನ ಮೊಣಕಾಲೂರಿ, ಡಿಕ್ಕಿಯೊಳಗೆ ಬಾಗಿದಳು. ಎಲ್ಲಿ ಎಂದು ನಾನು ಬೆರಳಿಟ್ಟು ತೋರಿಸಿದೆ. ಮೊದಲ ಗೀರಿನ ಸದ್ದಿಗೆ ನೆವಿಲ್ ಬೆನ್ನು ತಿರುಗಿಸಿ ಹಳಿಯತ್ತ ನೋಡತೊಡಗಿದ. ಆ ಬಣ್ಣ ಸುಲಭಕ್ಕೆ ಬಿಡುವ ಜಾತಿಯದಲ್ಲ. ಅವಳು ಹಲ್ಲು ಕಚ್ಚಿ ಅರವನ್ನು ಎಳೆದಳು. ಹಸಿರು ಪುಡಿ ಅವಳ ತೋಳಿನ ಮೇಲೆ ಉದುರಿತು. ಕಡೆಗೆ ಉಪ್ಪುಕಾಗದ ತಿಕ್ಕಿದಾಗ ನಾಣ್ಯದಷ್ಟಗಲ ಉಕ್ಕು ಬೆಳ್ಳಗೆ ಮಿಂಚಿತು.

"ಸಾಕಾ?"

"ಸಾಕು," ಎಂದೆ.

ಆಗ ನೆವಿಲ್ ತಿರುಗಿದ. ಉಳಿದ ಕೆಲಸ ಅವನದೇ. ತಂತಿಯ ತುದಿಗಳನ್ನು ಆ ಬರಿಯ ಉಕ್ಕಿನ ಮೇಲೆ ಕೂರಿಸಿ, ಹಲ್ಲಿನ ವಾಷರ್ ಇಟ್ಟು, ಬೋಲ್ಟನ್ನು ಮುಖ ಕಿವುಚಿ ಬಿಗಿದ. ತುಕ್ಕು ಹಿಡಿಯದಂತೆ ಮೇಲೆ ಗ್ರೀಸು ಸವರಿದ. ಸೀಟಿನಲ್ಲಿ ಕುಳಿತು, ದೀಪ ಹಾಕಿ, ಬ್ರೇಕ್ ಒತ್ತಿದ. ಹಿಂದೆ ನಿಂತಿದ್ದ ಬೆರಿಲ್‌ಳ ಮುಖ, ಕೋಟು, ಕೈಯ ಹಸಿರು ಪುಡಿ ಎಲ್ಲವೂ ಕೆಂಪಾದವು. ನಾನು ಮುಚ್ಚಳವನ್ನು ಬೇಕೆಂದೇ ಧಡಾರನೆ ಹಾಕಿದೆ. ಕೆಂಪು ಕದಲಲಿಲ್ಲ.

"ಇದೆ," ಎಂದಳು.

ಕೇಂದ್ರವನ್ನು ತಲುಪಿದಾಗ ಕಾವಲುಗಾರ ನಮ್ಮ ಹೆಸರಿನ ಮೇಲೆ ಅಡ್ಡಗೆರೆ ಎಳೆಯಲು ಪೆನ್ನು ತೆಗೆದಿದ್ದ. ಬೆರಿಲ್ ವ್ಯಾನಿನ ಕಿಟಕಿಯಿಂದ ಏನು ಹೇಳಿದಳೋ, ಅವನು ಪೆನ್ನನ್ನು ಜೇಬಿಗಿಟ್ಟ.

ಪರೀಕ್ಷಕಿ ಎತ್ತರದ ಹೆಂಗಸು. ಮಾತಿನಲ್ಲಿ ನೆವಿಲ್‌ಗಿಂತಲೂ ಬಿಗಿ. ಗಾಜಿನ ಆಚೆ ಬೆಂಚಿನ ಮೇಲೆ ನಾವಿಬ್ಬರೂ ಗಂಟೆಗಟ್ಟಲೆ ಕುಳಿತೆವು. ಅವರು ಚಕ್ರ ಅಲುಗಾಡಿಸಿದರು, ಮೂಲೆ ಮೂಲೆಗೆ ಬೆರಳಾಡಿಸಿ ಚೂಪು ಹುಡುಕಿದರು, ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸಿ ಬ್ರೇಕು ಪರೀಕ್ಷಿಸಿದರು. ಸ್ಯಾಂಡ್‌ವಿಚ್ಚುಗಳು ಡಬ್ಬಿಯಲ್ಲೇ ಉಳಿದವು. ಕೊನೆಗೆ ದೀಪಗಳ ಸರದಿ ಬಂತು. ಎಲ್ಲವನ್ನೂ ಒಟ್ಟಿಗೇ ಹಾಕಿಸಿದರು: ಮುಂದಿನವು, ಹಿಂದಿನವು, ಮಂಜುದೀಪ, ತಿರುವಿನ ದೀಪ. ಹಿಂದೆ ಹೋಗಿ ನಿಂತು, "ಬ್ರೇಕ್," ಎಂದರು. ಗಾಜಿನ ಈಚೆಗೂ ಅದು ಕೇಳಿಸಿತು. ಬೆರಿಲ್ ನನ್ನ ತೋಳನ್ನು ಹಿಡಿದಳು.

ಎರಡು ಕೆಂಪು ದೀಪಗಳು ಬೆಳಗಿ, ಬೆಳಗಿಯೇ ನಿಂತವು. ಪರೀಕ್ಷಕಿ ಬಹಳ ಹೊತ್ತು ನೋಡಿದರು. ಆಮೇಲೆ ಮುಚ್ಚಳ ಎತ್ತಿಸಿ, ಟಾರ್ಚು ಬಿಟ್ಟು, ಒಳಗೆ ಬಾಗಿದರು. ಅವರು ಏನೋ ಕೇಳಿದರು. ನೆವಿಲ್ ಗಾಜಿನ ಕಡೆಗೆ ಬೆರಳು ತೋರಿಸಿದ.

ಹೊರಗೆ ಬಂದಾಗ ಅವನ ಕೈಯಲ್ಲಿ ಪಾಸಾದ ಕಾಗದವಿತ್ತು. ಮುಖದಲ್ಲಿ ಅದರ ಸುಳಿವಿರಲಿಲ್ಲ.

"ಏನ್ ಕೇಳಿದ್ರು ಅವರು?" ಬೆರಿಲ್ ವಿಚಾರಿಸಿದಳು.

"ಇಷ್ಟು ಚೆನ್ನಾಗಿರೋ ಬಣ್ಣಾನ ಯಾರು ಹೀಗೆ ಒರಟಾಗಿ ಕೆರೆದದ್ದು ಅಂತ."

"ನೀನೇನಂದೆ?"

"ಬಣ್ಣ ಕೊಟ್ಟೋಳೇ ಕೆರೆದ್ಳು ಅಂದೆ."

ಮರಳುವಾಗ ಬೆರಿಲ್ ಕಾರಿನಲ್ಲಿ ಕುಳಿತಳು, ನನ್ನ ವ್ಯಾನಿನ ಕಂಬಳಿ ಹೊದ್ದು. ಮಂಜು ಸರಿದಿತ್ತು, ಎಲೆಕೋಸಿನ ಹೊಲಗಳ ಮೇಲೆ ಬೇಗನೆ ಮುಸ್ಸಂಜೆ ಇಳಿಯುತ್ತಿತ್ತು. ಅದೇ ರೈಲ್ವೆ ಗೇಟಿನಲ್ಲಿ ಗಂಟೆ ಬಾರಿಸಿತು. ನೆವಿಲ್‌ನ ದೀಪಗಳು ಧಗ್ಗನೆ ಕೆಂಪಾದವು, ದೂರದಿಂದಲೇ. ನಾನು ಎರಡು ಬಾರಿ ಮಿನುಗಿಸಿದೆ. ಈ ಸಲ ಎರಡು ಕೈಗಳು ಮೇಲೆದ್ದವು. ಒಂದರಲ್ಲಿ ಅರ್ಧ ಸ್ಯಾಂಡ್‌ವಿಚ್ಚಿತ್ತು.

ಮನೆಯ ಮುಂದೆ ಕಾಲಿನ್ ಲೆಗೇಟ್ ಟ್ರೇಲರನ್ನು ಅಂಗಳಕ್ಕೆ ಹಿಮ್ಮುಖವಾಗಿ ತಂದು, ಹಲಗೆ ಇಳಿಸಿ, ಹಗ್ಗದ ಸುರುಳಿ ಬಿಚ್ಚಿಟ್ಟುಕೊಂಡು ಕಾದಿದ್ದ. ಕಾರು ಅವನ ಪಕ್ಕದಲ್ಲಿ ನಿಂತಿತು. ನೆವಿಲ್ ಬ್ರೇಕಿನ ಮೇಲೆ ಕಾಲಿಟ್ಟೇ ಇದ್ದ. ಕಾಲಿನ್‌ನ ಪ್ಯಾಂಟೆಲ್ಲ ಕೆಂಪಾಯಿತು.

"ಪಾಸಾ?" ಎಂದ ಕಾಲಿನ್.

"ಪಾಸು," ಎಂದಳು ಬೆರಿಲ್, ಕಂಬಳಿ ಸಮೇತ ಕಷ್ಟಪಟ್ಟು ಮೇಲೇಳುತ್ತಾ.

ಕಾಲಿನ್ ಹಗ್ಗವನ್ನು ಮತ್ತೆ ಸುತ್ತತೊಡಗಿದ. "ಹಾಗಾದ್ರೆ ನಾನು ಹೊರಡ್ತೀನಿ."

"ಎಲ್ಲಿಗೆ? ಹಲಗೆ ಹಾಗೇ ಇರ್ಲಿ," ಎಂದಳು. "ಒಳಗೆ ನಮ್ಮಮ್ಮನ ಬಟ್ಟೆ ಬೀರು ಇದೆ, ಶುಕ್ರವಾರದೊಳಗೆ ಬೇಕರಿ ಪಕ್ಕದ ಮನೆಗೆ ಹೋಗ್ಬೇಕು. ನೀನು ಒಂದು ಕಡೆ ಹಿಡಿ, ಲೆಸ್ ಇನ್ನೊಂದು ಕಡೆ ಹಿಡೀತಾನೆ. ನೆವಿಲ್, ಸಾಕು, ಬ್ರೇಕಿಂದ ಕಾಲು ತೆಗಿ. ಬ್ಯಾಟರಿ ಮುಗಿಯತ್ತೆ."

ನೆವಿಲ್ ತೆಗೆಯಲಿಲ್ಲ. ಬೀರು ಅಂಗಳ ದಾಟಿ ಟ್ರೇಲರ್ ಏರುವ ತನಕ ಆ ಬೆಳಕಿನಲ್ಲೇ ನಾವು ದಾರಿ ನೋಡಿಕೊಂಡು ನಡೆದೆವು.